ಕಸ ವಿಲೇವಾರಿಯ ಆಡಿಯೊ ಪಾಠ: ಉಪನ್ಯಾಸ ಗಟ್ಟಿ, ವರ್ಕ್‌ಶೀಟ್ ಪೊಳ್ಳು

ಆಲಿಸಿ ಟಿಪ್ಪಣಿ ಬರೆಯುವುದನ್ನು ಕಲಿಸಲು ನಗರದ ಕಸ ವಿಲೇವಾರಿಯನ್ನು ವಿಷಯವಾಗಿ ಇಟ್ಟುಕೊಂಡ ಪಾಠ ಇದು. ಒಂಬತ್ತು ನಿಮಿಷದ ಉಪನ್ಯಾಸ, ಅದರ ಲಿಖಿತ ರೂಪ, ಒಂದು ವರ್ಕ್‌ಶೀಟ್, ಶಿಕ್ಷಕರಿಗೊಂದು ಚಿಕ್ಕ ಕೈಪಿಡಿ ಇವೆ. ಉಪನ್ಯಾಸವನ್ನು ಕಣ್ಣುಮುಚ್ಚಿ ಬಳಸಬಹುದು, ವರ್ಕ್‌ಶೀಟನ್ನು ಮಾತ್ರ ಹಾಗೇ ಮಕ್ಕಳ ಕೈಗೆ ಕೊಡಬೇಡಿ.

ವಿಷಯದ ಆಯ್ಕೆ ಬಹಳ ಚೆನ್ನಾಗಿದೆ. ಕಸ ಹಿಡಿಯುವ ದಾರಿಗಳು ಇಲ್ಲಿ ಮೂರು: ಲ್ಯಾಂಡ್‌ಫಿಲ್ (ಕಸ ಹೂಳುವ ಜಾಗ), ದಹನ, ಕಾಂಪೋಸ್ಟ್. ಪ್ರತಿ ದಾರಿಗೂ ಹೇಗೆ ನಡೆಯುತ್ತದೆ, ಏನು ಉಳಿಯುತ್ತದೆ, ಎಲ್ಲಿ ಕೆಡುತ್ತದೆ ಎಂಬ ಮೂರೇ ಪ್ರಶ್ನೆ. ಕೇಳುತ್ತ ಹೋದಂತೆ ಟಿಪ್ಪಣಿ ತಾನಾಗಿ ಒಂಬತ್ತು ಮನೆಯ ಕೋಷ್ಟಕವಾಗುತ್ತದೆ. ಲ್ಯಾಂಡ್‌ಫಿಲ್ ಭಾಗ ಕಾರಣ–ಪರಿಣಾಮದ ಬಾಣ ಹಾಕಲು ಹೇಳಿ ಮಾಡಿಸಿದಂತಿದೆ: ಗಾಳಿಯಾಡದ ಆಳ + ಹಸಿ ಕಸ → ಮೀಥೇನ್, ಇಳಿದ ಮಳೆನೀರು + ಕೊಳೆತ ಕಸ → ಲೀಚೇಟ್ (ಕಸದಿಂದ ಬಸಿಯುವ ಕೊಳಕು ನೀರು) → ತಳದ ಪದರ ಹರಿದಿದ್ದರೆ ಅಂತರ್ಜಲಕ್ಕೆ.

ಆರಂಭದಲ್ಲಿ ಬರುವ ವಿಶ್ವಬ್ಯಾಂಕ್ ಅಂಕಿಗಳೂ ಒಳ್ಳೆಯ ಅಭ್ಯಾಸ. 2016ರಲ್ಲಿ ಜಗತ್ತಿನ ನಗರ ಕಸ 201 ಕೋಟಿ ಟನ್, 2050ಕ್ಕೆ 340 ಕೋಟಿ ಟನ್ ಆಗಬಹುದೆಂಬ ಅಂದಾಜು. ಅಂಕಿ ಮಾತ್ರ ಗೀಚಿಕೊಂಡವರಿಗೆ ಯಾವುದು ನಡೆದದ್ದು, ಯಾವುದು ಅಂದಾಜು ಎಂಬುದು ಆಮೇಲೆ ತಿಳಿಯದು. ಅಂದಾಜಿನ ಅಂಕಿಯ ಪಕ್ಕದಲ್ಲಿ ‘ಅಂ.’ ಎಂದು ಬರೆಯುವ ರೂಢಿಯನ್ನು ಇಲ್ಲಿಂದಲೇ ಶುರುಮಾಡಿಸಿ.

ಕಷ್ಟದ ಜಾಗ ದಹನ. ಕುಲುಮೆಯ ಅನಿಲ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಸೆಕೆಂಡ್ ಇರಬೇಕು, ಇಲ್ಲದಿದ್ದರೆ ಡಯಾಕ್ಸಿನ್‌ನಂಥ ವಿಷಗಳು ಪೂರ್ತಿ ಒಡೆಯುವುದಿಲ್ಲ. ಕಸದ ಗಾತ್ರ ಸುಮಾರು ಶೇ 90, ತೂಕ ಸುಮಾರು ಶೇ 75 ಇಳಿಯುತ್ತದೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ. 90 ಯಾವುದರದು, 75 ಯಾವುದರದು ಎಂದು ಅದಲುಬದಲಾಗುವುದು ಇಲ್ಲೇ. ಅಂಕಿಗೆ ಮೊದಲು ‘ಗಾ’ ಅಥವಾ ‘ತೂ’ ಎಂದು ಒಂದಕ್ಷರ ಹಾಕಿಸಿದರೆ ಸಾಕು:

ಸುಡು: ಗಾ ↓90, ತೂ ↓75
ಆದ್ರೆ ಬೂದಿ → ಲ್ಯಾ.ಫಿ.

ಎರಡನೆಯ ಸಾಲು ಬರೆಯದವರು ಸುಟ್ಟರೆ ಕಸದ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ‘ಆದರೆ’ ಕಿವಿಗೆ ಬಿದ್ದ ಕೂಡಲೇ ಹೊಸ ಸಾಲಿಗೆ ಹೋಗಬೇಕು.

ಕೈಪಿಡಿ ಮುಟ್ಟದೇ ಬಿಟ್ಟ ಸಂಗತಿ ಒಂದಿದೆ, ಅದೇ ಮುಖ್ಯ. ಕನ್ನಡದಲ್ಲಿ ‘ಇಲ್ಲ’, ‘ಬಾರದು’, ‘ಆಗದು’ ಬರುವುದು ವಾಕ್ಯದ ಕೊನೆಗೆ. ‘ಪ್ಲಾಸ್ಟಿಕ್ ಲೇಪನದ ಲೋಟಗಳನ್ನು ಕಾಗದದ ಜೊತೆ ಮರುಬಳಕೆಗೆ’ ಎನ್ನುವಷ್ಟರಲ್ಲಿ ಪೆನ್ನು ‘ಲೋಟ → ಮರುಬಳಕೆ’ ಎಂದು ಬರೆದು ಮುಗಿಸಿರುತ್ತದೆ. ‘ಕಳಿಸಬಾರದು’ ಬರುವ ಹೊತ್ತಿಗೆ ಕಣ್ಣು ಮುಂದಿನ ಸಾಲಿಗೆ ಹೋಗಿರುತ್ತದೆ. ಆದ್ದರಿಂದ ನಾಮಪದಗಳನ್ನು ಮೊದಲು ಬರೆದು, ನಡುವಿನ ಬಾಣಕ್ಕೆ ಜಾಗ ಬಿಟ್ಟು, ಕ್ರಿಯಾಪದ ಕೇಳಿದ ಮೇಲೆ → ಅಥವಾ ✗ ಹಾಕಬೇಕು. ಇದೊಂದು ರೂಢಿಯಾದರೆ ಅರ್ಥವೇ ತಿರುಗಿಬೀಳುವ ತಪ್ಪುಗಳು ಎಷ್ಟೋ ಕಡಿಮೆಯಾಗುತ್ತವೆ.

ಇನ್ನು ವರ್ಕ್‌ಶೀಟ್. ಉಪನ್ಯಾಸದ ವಾಕ್ಯಗಳನ್ನೇ ಅದೇ ಕ್ರಮದಲ್ಲಿ ಕೊಟ್ಟು ಪದಗಳನ್ನು ತೆಗೆದು ಬಿಟ್ಟಸ್ಥಳ ಮಾಡಿದ್ದಾರೆ. ಕಿವಿ ಮುಂದಿನ ಪದಕ್ಕೆ ಹೊಂಚು ಹಾಕುತ್ತದೆ, ಮಾತಿನ ಎಳೆ ತಪ್ಪುತ್ತದೆ. ಬಿಟ್ಟಸ್ಥಳವೆಲ್ಲ ತುಂಬಿದ ಮೇಲೂ ಬೂದಿ ಏಕೆ ಲ್ಯಾಂಡ್‌ಫಿಲ್‌ಗೆ ಹೋಗಬೇಕು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದರ ಬದಲು ಖಾಲಿ ಹಾಳೆಯಲ್ಲಿ ಕಾರ್ನೆಲ್ ವಿಧಾನದ ಗೆರೆ ಹಾಕಿಸಿ: ಎಡಕ್ಕೆ ಸುಮಾರು 6 ಸೆಂ.ಮೀ. ಪ್ರಶ್ನೆಗೆ, ಕೆಳಗೆ 5 ಸೆಂ.ಮೀ. ಸಾರಾಂಶಕ್ಕೆ, ಉಳಿದದ್ದು ಟಿಪ್ಪಣಿಗೆ. ಮೊದಲ ಸಲ ಕೇಳುವಾಗ ಪೆನ್ನು ಕೆಳಗಿರಲಿ, ಭಾಗಗಳೆಷ್ಟು ಎಂದು ಎಣಿಸಿದರೆ ಸಾಕು. ಎರಡನೆಯ ಸಲ ಬಲಭಾಗದಲ್ಲಿ ಬರೆಯಲಿ. ದಹನದ ಅಂಕಿಗಳಾದ ಮೇಲೆ ಮಾತ್ರ ಒಮ್ಮೆ ನಿಲ್ಲಿಸಿ. ಆಮೇಲೆ ಐದು ನಿಮಿಷ ಎಡಭಾಗದಲ್ಲಿ ಪ್ರಶ್ನೆ ಬರೆಯುವುದಕ್ಕೆ. ಮೂರನೆಯ ಸಲ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿದರೆ ಏನೇನು ತಪ್ಪಿಹೋಗಿತ್ತು ಎಂದು ಅವರಿಗೇ ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಎರಡೇ ವಾಕ್ಯದ ಸಾರಾಂಶ. ಮರುದಿನ ಬಲಭಾಗ ಮುಚ್ಚಿ, ಎಡಗಡೆಯ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳಿಸಿ.

ಕಾಂಪೋಸ್ಟ್ ಭಾಗ ಅವಸರದ್ದು. ರಾಶಿಯಲ್ಲಿ ಇಂಗಾಲ–ಸಾರಜನಕದ ಅನುಪಾತ ಸುಮಾರು 30:1 ಇರಬೇಕು ಎಂದು ಹೇಳಿ ಮುಂದೆ ಹೋಗಿಬಿಡುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಹಸಿಯದೇ ಮೇಲಾದರೆ ರಾಶಿ ನಾರುತ್ತದೆ ಎಂದು ಪಾಠಕ್ಕೆ ಮೊದಲೇ ಹೇಳಿಡಿ.

ಧ್ವನಿಮುದ್ರಣ ಸ್ಪಷ್ಟವಾಗಿದೆ, ಆದರೆ ವಾಕ್ಯದ ಕೊನೆಗೆ ದನಿ ತಗ್ಗುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಹಾಕಿದರೆ ಹಿಂದಿನ ಬೆಂಚಿಗೆ ‘ಕಳಿಸ’ ಕೇಳುತ್ತದೆ, ‘ಬಾರದು’ ಕೇಳುವುದಿಲ್ಲ. ದೊಡ್ಡ ಸ್ಪೀಕರ್ ತಂದು, ಹಿಂದಿನ ಬೆಂಚಿನಲ್ಲಿ ಕೂತು ಒಮ್ಮೆ ಕೇಳಿ ನೋಡಿದ ಮೇಲೆ ತರಗತಿ ಶುರುಮಾಡಿ.