ವೀಕ್ಷಣಾಲಯದ ಹುಡುಗರಿಗೆ ಯಾವ ಮಾಪನ? ಪಿಸಿಎಲ್-ವೈವಿ, ವೈಪಿಐ, ಐಸಿಯು

ವೀಕ್ಷಣಾಲಯ ಎಂದರೆ ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವ ತನಕ ಇಡುವ ಸರ್ಕಾರಿ ಮನೆ. ಅಲ್ಲಿನ ಹುಡುಗರಲ್ಲಿ ಸೈಕೋಪತಿಯ, ಅಂದರೆ ಕಲ್ಲೆದೆಯ, ಲಕ್ಷಣ ಅಳೆಯುವ ಈ ಮೂರು ಮಾಪನಗಳಲ್ಲಿ ನನ್ನ ಕೈ ಮೊದಲು ಹೋಗುವುದು ಐಸಿಯು ಕಡೆಗೆ. ಆಸ್ಪತ್ರೆಯ ಐಸಿಯು ಅಲ್ಲ. ಹುಡುಗನಲ್ಲಿ ಕನಿಕರ, ಪಶ್ಚಾತ್ತಾಪ ಎಷ್ಟು ಕಡಿಮೆ ಎಂದು ನೋಡಲು ಪಾಲ್ ಫ್ರಿಕ್ 2004ರಲ್ಲಿ ರೂಪಿಸಿದ 24 ಹೇಳಿಕೆಗಳ ಪ್ರಶ್ನಾವಳಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಾಲ ನ್ಯಾಯ ಮಂಡಳಿಯ ಕೆಲಸಕ್ಕೆ ಹೋಗುವ ಆಪ್ತಸಮಾಲೋಚಕರಿಗೆ ಸಿಗುವುದು ಒಂದು ಕೋಣೆ, ಹೆಚ್ಚೆಂದರೆ ಒಂದು ಗಂಟೆ, ಹೊರಗೆ ಬಸ್ಸಿನ ಹೊತ್ತು ನೋಡುತ್ತ ಕೂತ ತಾಯಿ. ಅಷ್ಟರಲ್ಲಿ ಓದಿ ಹೇಳಿ ಮುಗಿಸಲು ಸುಲಭವಾದದ್ದು ಇದು.

ಕಾಗದದ ಮೇಲೆ ಪಿಸಿಎಲ್-ವೈವಿಯೇ (ಸೈಕೋಪತಿ ಚೆಕ್‌ಲಿಸ್ಟಿನ ಹದಿಹರೆಯದವರ ಆವೃತ್ತಿ, ಅಂಕ ಹಾಕುವವರು ಸಂದರ್ಶಕರೇ) ಗಟ್ಟಿ. 12ರಿಂದ 18ರ ವಯಸ್ಸಿಗೆ 20 ಅಂಶ, ಒಂದೊಂದಕ್ಕೆ 0, 1 ಅಥವಾ 2. ಹುಡುಗನ ಮಾತನ್ನಷ್ಟೇ ನಂಬದೆ ಕಡತದ ಜೊತೆ ತಾಳೆ ನೋಡುವುದು ಅದರ ಜೀವಾಳ. ನಮ್ಮಲ್ಲಿ ಅದು ಕುಂಟುವುದೂ ಅಲ್ಲೇ. ದೇವದುರ್ಗದ ಕಡೆಯ ಹುಡುಗ ಗುಳೆ ಹೋದವರ ಜೊತೆ ಬೆಂಗಳೂರಿನ ಶೆಡ್ಡಿನಲ್ಲಿ ಬೆಳೆದಿದ್ದರೆ ಶಾಲೆಯ ದಾಖಲೆ ನಡುವೆಯೇ ನಿಂತಿರುತ್ತದೆ. ಚಿಕ್ಕಂದಿನ ನಡತೆ ಕೇಳುವ 12ನೆಯ ಅಂಶಕ್ಕೆ ಸಾಕ್ಷಿ ಹೇಳುವವರೇ ಇಲ್ಲ. 19ನೆಯದು ಬಿಡುಗಡೆಯ ಷರತ್ತನ್ನು ಗಂಭೀರವಾಗಿ ಮುರಿದದ್ದು. ಮಂಡಳಿಯ ತಾರೀಖಿಗೆ ಬರಲಿಲ್ಲ ಎಂದಷ್ಟೇ ಕಡತ ಹೇಳುತ್ತದೆ. ಆ ವಾರ ಮನೆಮಂದಿಯೆಲ್ಲ ಊರು ಬಿಟ್ಟಿದ್ದರು ಎಂದು ಬರೆದಿರುವುದಿಲ್ಲ. ಅಲ್ಲಿ 2 ಹಾಕಿದರೆ ಗುಳೆಗೇ ಅಂಕ ಕೊಟ್ಟಂತೆ. ಮಾಹಿತಿ ಸಿಗದ ಅಂಶಕ್ಕೆ 0 ಕೂಡ ಹಾಕಬಾರದು. ಅದನ್ನು ಬಿಟ್ಟು, ಉಳಿದವುಗಳಿಂದ ಒಟ್ಟು ಅಂಕವನ್ನು ಅನುಪಾತದಲ್ಲಿ ತೆಗೆಯಬೇಕು. ಮೇಲೆ ಕಿಟ್ಟು, ನಮೂನೆ, ತರಬೇತಿ, ಎಲ್ಲಕ್ಕೂ ದುಡ್ಡು.

ವೈಪಿಐ, ಹುಡುಗನೇ ತುಂಬುವ ಸೈಕೋಪತಿ ಲಕ್ಷಣಗಳ ಪ್ರಶ್ನಾವಳಿ, ಸ್ವೀಡನ್ನಿನದು, 2002ರದು: 50 ಹೇಳಿಕೆ, 10 ಗುಣ. ಗುಣವನ್ನು ಕೆಟ್ಟದ್ದೆಂದು ಕಾಣಿಸದ ಹಾಗೆ ಕೇಳುವುದು ಅದರ ಜಾಣತನ. ಸರಾಗವಾಗಿ ಓದಬಲ್ಲ ಹುಡುಗನಿಗೆ ಚೆನ್ನ. ಓದಿ ಹೇಳಬೇಕಾದರೆ ಅರ್ಧದಲ್ಲೇ ಅವನ ಗಮನ ಕಿಟಕಿಯಾಚೆ.

ಇನ್ನು ಐಸಿಯುವಿನ ಕಾಟ. ಪ್ರತಿ ಹೇಳಿಕೆಗೆ 0ರಿಂದ 3, ಒಟ್ಟು 72. ಅದರಲ್ಲಿ 12 ಒಳ್ಳೆಯ ಗುಣ ಹೇಳುವಂಥವು: 1, 3, 5, 8, 13, 14, 15, 16, 17, 19, 23, 24. ಇವುಗಳ ಅಂಕ ತಿರುವಿ ಹಾಕಬೇಕು, 3 ಇದ್ದದ್ದು 0. ಬೇಗ ಎದ್ದು ಹೋಗುವ ಆತುರದಲ್ಲಿ ಹುಡುಗ ಎಲ್ಲದಕ್ಕೂ 'ಹೂಂ ಸರ, ಖರೇ' ಎಂದು 3 ಹಾಕಿಸಿದ ಎನ್ನಿ: ನೇರ ಹೇಳಿಕೆಗಳಿಂದ 36, ತಿರುವಿದವುಗಳಿಂದ 0. ಇನ್ನೊಬ್ಬ ಎಲ್ಲಕ್ಕೂ 0 ಎಂದ: ಅವನದೂ 36. ಎಲ್ಲಕ್ಕೂ 1, ಎಲ್ಲಕ್ಕೂ 2 ಎಂದರೂ ಅದೇ 36. ಏನೂ ಕೇಳಿಸಿಕೊಳ್ಳದವನು ವರದಿಯಲ್ಲಿ ಅರೆಕಲ್ಲೆದೆಯವನಾಗಿ ಕಾಣುತ್ತಾನೆ. ತಿರುವುವುದನ್ನೇ ಮರೆತರೆ ಇನ್ನೂ ಅನಾಹುತ: ಸರಿಯಾಗಿ ಕೂಡಿಸಿದರೆ 0 ಬರುವವನಿಗೂ 72 ಬರುವವನಿಗೂ ಆಗ ಸಿಗುವುದು 36.

ಆದ್ದರಿಂದ 36ರ ಆಸುಪಾಸು ಬಂದ ಹಾಳೆಯಲ್ಲಿ ಉತ್ತರಗಳ ಸಾಲನ್ನೇ ನೋಡಬೇಕು. 1ನೆಯದು ಭಾವನೆ ತೋರಿಸುತ್ತೇನೆ ಎನ್ನುವುದು, 6ನೆಯದು ತೋರಿಸುವುದಿಲ್ಲ ಎನ್ನುವುದು. ಎರಡಕ್ಕೂ 3 ಬಿದ್ದಿದ್ದರೆ ಹಾಳೆ ಪಕ್ಕಕ್ಕಿಡಿ, ಬೇರೊಂದು ದಿನ ಮತ್ತೆ ಕೇಳಿ.

6ರಲ್ಲಿ ಇನ್ನೊಂದು ಎಡವಟ್ಟು. 'ಹೂಂ, ತೋರ್ಸಂಗಿಲ್ರಿ' ಎಂದರೂ 'ಇಲ್ರಿ, ತೋರ್ಸಂಗಿಲ್ರಿ' ಎಂದರೂ ಹುಡುಗ ಹೇಳಿದ್ದು ಒಂದೇ; ಬರೆದುಕೊಳ್ಳುವವರು ಮೊದಲನೆಯದಕ್ಕೆ 3, ಎರಡನೆಯದಕ್ಕೆ 0 ಹಾಕಿಬಿಡುತ್ತಾರೆ. ಬಾಯಿಮಾತಿನ ಉತ್ತರ ತೆಗೆದುಕೊಳ್ಳಲೇಬೇಡಿ. ರಟ್ಟಿನ ಮೇಲೆ ನಾಲ್ಕು ಲೋಟ ಬರೆಯಿರಿ: ಖಾಲಿ, ಚೂರು, ಮುಕ್ಕಾಲು, ಭರ್ತಿ. ಹೇಳಿಕೆ ಎಷ್ಟು ಖರೆಯೋ ಆ ಲೋಟದ ಮೇಲೆ ಅವನೇ ಬೆರಳಿಡಲಿ. ಗೃಹಪಾಲಕರು ಬಾಗಿಲಾಚೆ ಇರಲಿ.

ಐಸಿಯುವಿಗೆ ಪಾಲಕರ, ಶಿಕ್ಷಕರ ನಮೂನೆಗಳೂ ಇರುವುದು ದೊಡ್ಡ ಅನುಕೂಲ. ಏಕೆಂದರೆ ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ ಡಿಎಸ್‌ಎಂ-5 ಈ ಲಕ್ಷಣಗಳು 12 ತಿಂಗಳ ಅವಧಿಯಲ್ಲಿ, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು ಎನ್ನುತ್ತದೆ. ಆದರೆ ಜಾಮೀನು ಇದರ ಮೇಲೆ ನಿಂತಿಲ್ಲ ಎಂದು ತಾಯಿಗೆ ಮೊದಲೇ ತಿಳಿಸಿ, ಇಲ್ಲವಾದರೆ ಮಗ ದೇವರಂಥವನಾಗುತ್ತಾನೆ.

2015ರ ಬಾಲ ನ್ಯಾಯ ಕಾಯ್ದೆಯ 15ನೇ ಕಲಮಿನ ಪ್ರಾಥಮಿಕ ಪರಿಶೀಲನೆಗೆ (ಘೋರ ಅಪರಾಧದ ಆರೋಪ ಹೊತ್ತ, 16 ತುಂಬಿದ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆ ಎಂದು ನೋಡುವುದು) ಮೂರೂ ಬೇಡ. ಅಲ್ಲಿ ಕೇಳುವುದು ಕೃತ್ಯ ಎಸಗುವ ಸಾಮರ್ಥ್ಯ, ಪರಿಣಾಮದ ಅರಿವು, ಸಂದರ್ಭ, ಕನಿಕರದ ಅಳತೆಯಲ್ಲ. ವರದಿಯಲ್ಲಿ 'ಸೈಕೋಪಾತ್' ಎಂದು ಬರೆಯುವುದಂತೂ ಬೇಡವೇ ಬೇಡ.

ತರಬೇತಾದ ಮನೋವಿಜ್ಞಾನಿ, ತುಂಬಿದ ಸಾಮಾಜಿಕ ತನಿಖಾ ವರದಿ ಎರಡೂ ಇದ್ದರೆ ಪಿಸಿಎಲ್-ವೈವಿಗೆ ಖರ್ಚು ಮಾಡಿ. ಜಿಲ್ಲೆಯ ಮಾಮೂಲಿ ಬಜೆಟ್ಟಿಗೆ, ಬಾಯಲ್ಲಿ ಓದಿ ಕೇಳುವ ರೂಢಿಗೆ ಐಸಿಯು ಸಾಕು: ಹುಡುಗನದೊಂದು, ತಾಯಿಯದೊಂದು. ಎಕ್ಸೆಲ್‌ನಲ್ಲಿ ಆ 12 ಸಾಲಿಗೆ ಮೂರರಿಂದ ಅಂಕ ಕಳೆಯುವ ಸೂತ್ರ ಹಾಕಿಟ್ಟುಕೊಳ್ಳಿ, ತಿರುವುವ ಕೆಲಸ ತಾನೇ ಆಗುತ್ತದೆ.