ಹಳೇ ಬಣ್ಣವನ್ನು ಮನೆಯೊಳಗೆ ಉಜ್ಜಬೇಡಿ

ಹೋದ ಭಾನುವಾರ ಬೆಳಿಗ್ಗೆ ಮೇಲಿನ ಮನೆಯಿಂದ ಕರ ಕರ ಅಂತ ಸದ್ದು ಕೇಳಿಸಿತು. ಉಪ್ಪು ಕಾಗದದ ಸದ್ದು. ಸ್ಟೌ ಆರಿಸಿ ಮೆಟ್ಟಿಲು ಹತ್ತಿದೆ. ಮೇಲಿನ ಮನೆ ಆಂಟಿ ಬಾಲ್ಕನಿಯಲ್ಲಿ ಕೂತು ತಮ್ಮ ಕಾಲದ ತೊಟ್ಟಿಲನ್ನು ಉಜ್ಜುತ್ತಿದ್ದರು. ಬಸುರಿ ಮಗಳು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದಳು. "ಆಂಟಿ, ದಯವಿಟ್ಟು ನಿಲ್ಸಿ. ಒಂದು ಐದು ನಿಮಿಷ ನನ್ನ ಮಾತು ಕೇಳಿ" ಅಂದೆ. ಪುಣ್ಯಕ್ಕೆ ನಿಲ್ಲಿಸಿದರು. ಹಳೇ ಬಣ್ಣದ ಧೂಳಿನಲ್ಲಿ ಇರಬಹುದಾದ ಸೀಸದ (ಲೆಡ್) ಬಗ್ಗೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಬ್ಬ ಬಂತು ಅಂದರೆ ಮನೆ ಮನೆಯಲ್ಲೂ ಈ ಕೆಲಸ ಶುರುವಾಗುತ್ತದೆ, ಅದಕ್ಕೆ.

ಹೋದ ವರ್ಷ ಜೂನ್‌ನಲ್ಲಿ ನಾವು ಬೆಂಗಳೂರಿನ ಶ್ರೀನಗರದ ಈ ಬಾಡಿಗೆ ಮನೆಗೆ ಬಂದೆವು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಡುಗೆ ಮನೆಗೆ ಒಂದು ಬೀರು ಬೇಕೇ ಬೇಕಿತ್ತು. ಅಂಗಡಿಯಲ್ಲಿ ಕೇಳಿದರೆ 18 ಸಾವಿರ. ಆಗ ಅರಸೀಕೆರೆಯ ಅಜ್ಜಿ ಮನೆಯಲ್ಲಿದ್ದ ಜಾಲರಿ ಬೀರು ನೆನಪಾಯಿತು. ಹಾಲು, ಮೊಸರು, ಬೆಣ್ಣೆ ಎಲ್ಲ ಅದರಲ್ಲೇ ಇಡುತ್ತಿದ್ದರು. ಅಟ್ಟದ ಕೆಳಗೆ ಸುಮ್ನೆ ಬಿದ್ದಿತ್ತು. ಮಾವ ಅದನ್ನು ತೆಂಗಿನಕಾಯಿ ಲೋಡಿನ ಜೊತೆ ಬೆಂಗಳೂರಿಗೆ ಕಳಿಸಿಕೊಟ್ಟರು.

ಬೀರು ಗಟ್ಟಿಮುಟ್ಟಾಗಿತ್ತು. ಗೆದ್ದಲು ಇಲ್ಲ, ಕುಟ್ಟೆ ಹಿಡಿದಿಲ್ಲ. ಮೇಲೆ ಗಿಣಿ ಹಸಿರು ಎನಾಮಲ್ ಬಣ್ಣ. ಚಿಲಕದ ಸುತ್ತ ಬಣ್ಣ ಎದ್ದು ಬಂದಿತ್ತು. ಅಲ್ಲಿ ಉಗುರಿನಿಂದ ಕೆರೆದು ನೋಡಿದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೇಸರಿ ಕಡೆಗೆ ತಿರುಗಿದ ಹಳದಿ, ಅದರ ಕೆಳಗೆ ಜೇನಿನ ಬಣ್ಣದ ತೇಗ. ಆ ತೇಗ ಕಂಡ ಮೇಲೆ ನಿಲ್ಲಲಿಲ್ಲ. ಎಲ್ಲ ಬಣ್ಣ ತೆಗೆದು ಬರೀ ಮರ ಕಾಣೋ ಹಾಗೆ ಪಾಲಿಶ್ ಮಾಡಬೇಕು ಅಂತ ಆಸೆ ಹುಟ್ಟಿತು. ಎಸ್.ಜೆ.ಪಿ. ರಸ್ತೆಗೆ ಹೋಗಿ 80, 120, 220 ನಂಬರಿನ ಉಪ್ಪು ಕಾಗದ ತಂದೆ. ಗಂಡ ತನ್ನ ಸ್ನೇಹಿತನ ಹತ್ತಿರ ಕರೆಂಟಿನ ಸ್ಯಾಂಡರ್ ಇಸಕೊಂಡು ಬಂದರು. ಎಲ್ಲ ಸೇರಿ 2,600 ರೂಪಾಯಿ ಖರ್ಚು.

ಮೂರು ಶನಿವಾರ, ಮೂರು ಭಾನುವಾರ ಉಜ್ಜಿದೆವು. ಹೊರಗೆ ಮಳೆ. ನೀರು ಹೊಡೆಯುತ್ತದೆ ಅಂತ ಬಾಲ್ಕನಿಗೆ ಟಾರ್ಪಾಲು ಕಟ್ಟಿದ್ದೆವು. ಹಾಲಿನ ಬಾಗಿಲು ತೆರೆದೇ ಇತ್ತು. ಸ್ಯಾಂಡರ್‌ಗೆ ಬಟ್ಟೆ ಚೀಲ ಇತ್ತು, ಧೂಳೆಲ್ಲ ಅದರೊಳಗೆ ಹೋಗುತ್ತಿದೆ ಅಂದುಕೊಂಡೆವು. ಹೋಗುತ್ತಿದ್ದದ್ದು ದಪ್ಪ ಧೂಳು ಮಾತ್ರ. ಸಣ್ಣದು ಬಟ್ಟೆಯ ಎಳೆಗಳ ನಡುವೆ ನುಸುಳಿ ಗಾಳಿಯಲ್ಲಿ ತೇಲುತ್ತಿತ್ತು.

ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಒಂದು ಚಿತ್ರ ಕಣ್ಣಿನಿಂದ ಹೋಗುವುದೇ ಇಲ್ಲ. ಬಾಲ್ಕನಿಯ ನೆಲದ ಮೇಲೆ ಹಿಟ್ಟಿನಂಥ ಹಸಿರು ಧೂಳು. ಅದರ ಮೇಲೆ ಅವಳ ಆಟಿಕೆ ಕಾರಿನ ಗಾಲಿ ಎಳೆದ ಎರಡು ಗೆರೆ. ಪಕ್ಕದಲ್ಲಿ ಪುಟ್ಟ ಅಂಗೈ ಗುರುತು. ಆ ಅಂಗೈಯಲ್ಲೇ ಅವಳು ಆಮೇಲೆ ಬಿಸ್ಕತ್ತು ಹಿಡಿದುಕೊಂಡಳು. ನಾನು ನೋಡುತ್ತಿದ್ದೆ. ಮಣ್ಣಿನಲ್ಲಿ ಆಡುವ ಮಕ್ಕಳಿಲ್ವಾ ಅಂತ ಸುಮ್ಮನಿದ್ದೆ.

ಸೆಪ್ಟೆಂಬರ್‌ನಲ್ಲಿ ಅತ್ತೆ ಊರಿಂದ ಬಂದವರು ಮೊದಲು ಗಮನಿಸಿದರು. "ಯಾಕಮ್ಮ, ಮಗು ಇಷ್ಟು ಬಿಳಿಚಿಕೊಂಡಿದೆ? ಗೋಡೆ ನೆಕ್ಕುತ್ತೆ ಬೇರೆ" ಅಂದರು. ಮಕ್ಕಳ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 9.4 ಇತ್ತು. ಕಬ್ಬಿಣದ ಅಂಶ ಕಡಿಮೆ. ಟಾನಿಕ್ ಬರೆದುಕೊಟ್ಟು ಅಷ್ಟಕ್ಕೇ ಕಳಿಸಬಹುದಿತ್ತು. ಆದರೆ ಆ ಡಾಕ್ಟರ್ ಕೇಳುತ್ತಾ ಹೋದರು. ಕಣ್ಣಿಗೆ ಕಾಡಿಗೆ ಹಚ್ಚುತ್ತೀರಾ? ಅರಿಶಿನ ಬಿಡಿಯಾಗಿ ತರುತ್ತೀರಾ? ಮನೆ ಹತ್ತಿರ ಹಳೇ ಬ್ಯಾಟರಿ ಒಡೆಯುವ ಗುಜರಿ ಇದೆಯಾ? ಕೊನೆಗೆ, "ಇತ್ತೀಚೆಗೆ ಮನೇಲಿ ಪೇಂಟ್ ಕೆಲಸ ಏನಾದ್ರೂ ಆಯ್ತಾಮ್ಮ?"

ಬೀರಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಎರಡು ದಿನದಲ್ಲಿ ರಿಪೋರ್ಟ್ ಬಂತು. ರಕ್ತದಲ್ಲಿ ಸೀಸ, ಡೆಸಿಲೀಟರಿಗೆ 14 ಮೈಕ್ರೋಗ್ರಾಂ. ಡಾಕ್ಟರ್ ಅಷ್ಟೆಲ್ಲ ಕೇಳಿದ್ದು ಸೀಸ ಎಲ್ಲಿಂದ ಬಂದಿರಬಹುದು ಅಂತ. 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ತೊಂದರೆ ಇಲ್ಲ ಅನ್ನುವ ಮಟ್ಟ ಮಕ್ಕಳಿಗೆ ಇಲ್ಲವೇ ಇಲ್ಲ. ಸೀಸ ಕೆಡಿಸುವುದು ಬೆಳೆಯುತ್ತಿರುವ ಮಿದುಳನ್ನು. ಹೊಟ್ಟೆಗೆ ಹೋದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಬಸುರಿಯ ರಕ್ತದಲ್ಲಿದ್ದರೆ ಹೊಟ್ಟೆಯ ಮಗುವಿಗೂ ಹೋಗುತ್ತದೆ. ಮೇಲಿನ ಮನೆಗೆ ನಾನು ಓಡಿದ್ದು ಅದಕ್ಕೇ.

ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಯಾಕಿತ್ತು ಅಂದರೆ, ಹೊಳೆಯುವ ಹಳದಿ, ಕೇಸರಿ, ಕೆಂಪು ಬರಲು ಸೀಸದ ಕ್ರೋಮೇಟ್ ಅನ್ನುವ ಬಣ್ಣದ ಪುಡಿ ಹಾಕುತ್ತಿದ್ದರು. ಆ ಹಳದಿಗೆ ನೀಲಿ ಸೇರಿಸಿದರೆ ಹಸಿರು. ಬಣ್ಣ ಬೇಗ ಒಣಗಲಿ ಅಂತಲೂ ಸೀಸ ಸೇರಿಸುತ್ತಿದ್ದರು. ಪೆಟ್ರೋಲಿನಲ್ಲಿ ಸೀಸ ನಿಂತಿದ್ದು 2000ದಲ್ಲಿ. ಬಣ್ಣದ ಸರದಿ ಬಂದಿದ್ದು ತುಂಬಾ ತಡವಾಗಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅಜ್ಜಿಯ ಬೀರು ಯಾವ ಕಾಲದ್ದು ಅಂತ ಲೆಕ್ಕ ಹಾಕಿಕೊಳ್ಳಿ.

ನನಗೆ ನಿಜವಾಗಿ ಸಂಕಟ ಆಗುವುದು ಇದಕ್ಕೆ. ನಮ್ಮ ಊರಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ಅಪಾಯದ ಬಗ್ಗೆ ವರ್ಷಗಟ್ಟಲೆ ಹೇಳುತ್ತಾ ಬಂದವರು. ಆದರೂ ಆ ಮಾತು ನನ್ನಂಥವರ ಮನೆ ತಲುಪಿರಲಿಲ್ಲ. ಹಳೇ ಸಾಮಾನಿಗೆ ಹೊಸ ರೂಪ ಕೊಡೋದು ಹೇಗೆ ಅಂತ ಎಷ್ಟೊಂದು ವಿಡಿಯೋ ನೋಡಿದ್ದೆ. ಒಂದರಲ್ಲೂ ಇದನ್ನು ಹೇಳಿರಲಿಲ್ಲ.

14ಕ್ಕೆ ಬೇರೆ ಔಷಧಿ ಇರಲಿಲ್ಲ. ಸೀಸವನ್ನು ದೇಹದಿಂದ ಎಳೆದು ತೆಗೆಯುವ ಔಷಧಿ ಕೊಡುವುದು ಸಾಮಾನ್ಯವಾಗಿ 45 ದಾಟಿದ ಮೇಲೆ. ನಮಗೆ ಹೇಳಿದ್ದು ಮೂರು. ಧೂಳು ತೆಗೆಯಿರಿ, ಕಬ್ಬಿಣದ ಟಾನಿಕ್ ಬಿಡದೆ ಕೊಡಿ, ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಚೆನ್ನಾಗಿ ತಿನ್ನಿಸಿ.

ಧೂಳು ತೆಗೆಯುವುದು ಅಂದುಕೊಂಡಷ್ಟು ಸುಲಭ ಅಲ್ಲ. ಪೊರಕೆ ಹಿಡಿದರೆ ಮತ್ತೆ ಗಾಳಿಗೆ ಏಳುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಹಿಂದಿನಿಂದ ಅದನ್ನೇ ಊದುತ್ತದೆ, ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಬೇಕು. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಕಿಟಕಿಯ ಸಂದಿ, ಫ್ಯಾನಿನ ರೆಕ್ಕೆ, ಸೋಫಾ ಕೆಳಗೆ, ಬಾಗಿಲ ಮೇಲಿನ ಪಟ್ಟಿ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಕಿಟಕಿಯ ಸಂದಿಯಿಂದ ಬಟ್ಟೆ ಹಸಿರಾಗಿ ಬಂತು. ಮೂರು ತಿಂಗಳಾದ ಮೇಲೂ! ಅವಳ ಬಟ್ಟೆ ಗೊಂಬೆಗಳನ್ನೆಲ್ಲ ತೆಗೆದುಹಾಕಿದೆ. ಒಂದಕ್ಕಾಗಿ ತುಂಬಾ ಅತ್ತಳು.

ತಿಂಗಳಾದ ಮೇಲೆ 11. ಡಿಸೆಂಬರ್‌ನಲ್ಲಿ 7. ಈ ವರ್ಷ ಏಪ್ರಿಲ್‌ನಲ್ಲಿ 4. ಹಿಮೋಗ್ಲೋಬಿನ್ ಈಗ ಸರಿ ಇದೆ, ಗೋಡೆ ನೆಕ್ಕುವುದು ನಿಂತಿದೆ. ರಕ್ತದಲ್ಲಿ ಕಡಿಮೆ ಆದರೂ ಸ್ವಲ್ಪ ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅವಳ ಮಾತು, ಕಲಿಕೆ ಗಮನಿಸುತ್ತಿರಿ ಅಂದಿದ್ದಾರೆ ಡಾಕ್ಟರ್.

ಹಾಗಾದರೆ ಹಳೇ ಸಾಮಾನು ಗುಜರಿಗೆ ಹಾಕಬೇಕಾ? ಬೇಡ. ಬರೀ ಪಾಲಿಶ್ ಮಾಡಿದ ತೇಗ, ಬೀಟೆಯ ಸಾಮಾನಿಗೆ ಇಷ್ಟು ಭಯ ಇಲ್ಲ. ಉಜ್ಜಿದ ಧೂಳು ಮಾತ್ರ ಮೂಗಿಗೆ ಹೋಗಬಾರದು. ಭಯ ಇರುವುದು ಬಣ್ಣ ಹೊಡೆದದ್ದಕ್ಕೆ. ಬಣ್ಣ ಏಳದೆ ಗಟ್ಟಿಯಾಗಿದ್ದರೆ ಅದನ್ನು ಕೆರೆಯಲೇಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಡಬ್ಬದ ಮೇಲೆ ಸೀಸ ಸೇರಿಸಿಲ್ಲ ಅಂತ ಬರೆದಿರುವ ಬಣ್ಣವನ್ನು ಮೇಲಿಂದ ಎರಡು ಕೋಟ್ ಹೊಡೆಯಿರಿ. ತೊಟ್ಟಿಲು, ಮಕ್ಕಳ ಮಂಚ, ಆಟಿಕೆ ಮಾತ್ರ ಹೀಗೂ ಬೇಡ. ಮಕ್ಕಳು ಅಂಚನ್ನು ಕಚ್ಚುತ್ತಾರೆ. ಬಣ್ಣ ತೆಗೆಯಲೇಬೇಕು ಅಂದರೆ ಆಚಾರ್ರ ವರ್ಕ್‌ಶಾಪಿಗೆ ಕಳಿಸಿ, ಹಳೇ ಬಣ್ಣ, ಸೀಸ ಇರಬಹುದು ಅಂತ ಅವರಿಗೂ ಹೇಳಿ. ಅವರಿಗೂ ಮಕ್ಕಳಿದ್ದಾರೆ, ಆ ಧೂಳು ಅಂಗಿಯ ಜೊತೆ ಅವರ ಮನೆಗೂ ಹೋಗುತ್ತದೆ. ವಾಟರ್ ಪೇಪರ್, ಅಂದರೆ ನೀರಿಗೆ ಹಾಳಾಗದ ಉಪ್ಪು ಕಾಗದ, ಒದ್ದೆ ಮಾಡಿ ಉಜ್ಜಲಿ, ಒಣ ಧೂಳು ಏಳಬಾರದು. ಬ್ಲೋ ಲ್ಯಾಂಪಿನಲ್ಲಿ ಸುಡಿಸಲೇಬೇಡಿ, ಸೀಸ ಹೊಗೆಯಾಗಿ ಏಳುತ್ತದೆ. ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನ ಇಲ್ಲ.

ನಮ್ಮ ಬೀರನ್ನು ಒದ್ದೆ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿ, ಮೇಲೆ ಎರಡು ಕೋಟ್ ಹೊಸ ಬಣ್ಣ ಹೊಡೆದು ಗಂಡನ ಆಫೀಸ್ ರೂಮಿನಲ್ಲಿ ಇಟ್ಟಿದ್ದೇವೆ. ತೇಗ ಕಾಣುವುದಿಲ್ಲ. ಒರೆಸಿದ ಬಟ್ಟೆ, ಉಳಿದ ಧೂಳನ್ನು ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಕಸದ ಗಾಡಿಯ ಅಣ್ಣನಿಗೆ "ಇದನ್ನ ಬಿಚ್ಚಬೇಡಿ ಅಣ್ಣ, ವಿಷ ಇದೆ" ಅಂತ ಹೇಳಿ ಬೇರೆಯಾಗಿ ಕೊಟ್ಟೆ.

ನೀವು ಈಗಾಗಲೇ ಉಜ್ಜಿಬಿಟ್ಟಿದ್ದರೆ, ಮನೆಯಲ್ಲಿ ಆರು ವರ್ಷದೊಳಗಿನ ಮಗು ಅಥವಾ ಬಸುರಿ ಇದ್ದರೆ, ಲಕ್ಷಣ ಕಾಣಲಿ ಅಂತ ಕಾಯಬೇಡಿ. ಎಷ್ಟೋ ಸಲ ಏನೂ ಕಾಣುವುದಿಲ್ಲ. ಮಾಮೂಲಿ ರಕ್ತ ಪರೀಕ್ಷೆಯಲ್ಲೂ ಇದು ಬರುವುದಿಲ್ಲ. ಡಾಕ್ಟರ್ ಹತ್ತಿರ ಹೋಗಿ "ಬ್ಲಡ್ ಲೆಡ್ ಟೆಸ್ಟ್ ಬರೆದುಕೊಡಿ" ಅಂತ ಬಾಯಿಬಿಟ್ಟು ಕೇಳಿ.