ಸಿಂಗಾಪುರದ ‘ಕಿಡ್ಸ್ ಸ್ಪೆಷಲ್’ ಪ್ಯಾಕೇಜಿಗೆ ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಪುಟ್ಟ ಮಕ್ಕಳನ್ನು ಕರೆದುಕೊಂಡು ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕ್‌ಗೆ ಹೊರಟಿದ್ದೀರಾ? ಏಜೆಂಟ್‌ಗೆ ಇನ್ನೂ ಅಡ್ವಾನ್ಸ್ ಹಾಕಿಲ್ಲ ತಾನೇ? ಹಾಗಾದರೆ ಒಂದು ನಿಮಿಷ ತಡೆಯಿರಿ. ಅಲ್ಲಿ 4 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಫ್ರೀ. ಮಕ್ಕಳ ಟಿಕೆಟ್ ಅಂತ ಶುರುವಾಗುವುದೇ 4 ವರ್ಷಕ್ಕೆ, 12ರವರೆಗೆ. ಇದು ನಮ್ಮ ಏಜೆಂಟ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಎರಡು ಮಕ್ಕಳ ಹೆಸರಲ್ಲಿ ಟಿಕೆಟ್ ದುಡ್ಡು ಕಿತ್ತುಕೊಂಡ. ಟಿಕೆಟ್ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಇನ್ನೂ ಏನೇನು ಅಂತ ಹೇಳುತ್ತೇನೆ ಇರಿ, ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ.

ಹೆಸರು ಹಾಕುತ್ತಿಲ್ಲ. ಹಾಕಿದರೆ ಮಾನನಷ್ಟದ ಕೇಸ್ ಹಾಕ್ತೀನಿ ಅಂತ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಮಾನ ಅಂತೆ! ಯಾರ ಮಾನ ಎಲ್ಲಿ ಹೋಯಿತು ಅಂತ ಓದಿ ನೀವೇ ಹೇಳಿ.

ನಮ್ಮದು ಬೆಂಗಳೂರು. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಈಗಷ್ಟೇ ಎರಡು ದಾಟಿದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಮೇಲೆ ಹಳದಿ ಮಿನಿಯನ್, ಕೆಳಗೆ ‘ಕಿಡ್ಸ್ ಸ್ಪೆಷಲ್, ಎಲ್ಲಾ ರೈಡ್ಸ್ ಇನ್‌ಕ್ಲೂಡೆಡ್’. ಫೋನ್ ಮಾಡಿದೆ. ಎಷ್ಟು ನಯವಾದ ಮಾತು ಅಂತೀರಿ! “ಅಕ್ಕ, ನಮ್ಮನೇಲೂ ಚಿಕ್ಕ ಮಗು ಇದೆ, ಮಕ್ಕಳ ಕಷ್ಟ ನಂಗೆ ಗೊತ್ತಿಲ್ವಾ? ಎಲ್ಲಾ ಮಕ್ಕಳಿಗೆ ಅಂತಾನೇ ಪ್ಲಾನ್ ಮಾಡಿರೋದು. ನೀವು ಬ್ಯಾಗ್ ತಗೊಂಡು ಫ್ಲೈಟ್ ಹತ್ತಿ ಅಕ್ಕ, ಉಳಿದಿದ್ದು ನಂದು.” ದುಡ್ಡು ಪೂರ್ತಿ ಹೋಗುವವರೆಗೆ ಅಕ್ಕ. ಹೋದ ಮಾರನೇ ದಿನದಿಂದ ಮೇಡಂ. ಇದನ್ನು ನಾನು ಆಮೇಲೆ ಚಾಟ್ ಮೇಲಿಂದ ಕೆಳಗೆ ಓದಿದಾಗ ನೋಡಿದ್ದು. ಸರಿಯಾಗಿ ಅದೇ ದಿನ ಬದಲಾಗಿದೆ.

ವಾಟ್ಸಾಪಿನಲ್ಲಿ ಕೊಟೇಶನ್ ಕಳಿಸಿದ. ಸಾಲು ಸಾಲಾಗಿ ಇತ್ತು. ಚೈಲ್ಡ್ ಯೂನಿವರ್ಸಲ್ ಟಿಕೆಟ್ 2. ಚೈಲ್ಡ್ ಎಕ್ಸ್‌ಪ್ರೆಸ್ 2, ಅಂದರೆ ರೈಡ್‌ಗಳಲ್ಲಿ ಉದ್ದ ಸಾಲು ತಪ್ಪಿಸುವ ಪಾಸ್. ರಾತ್ರಿ ತೆರೆಯುವ ಮೃಗಾಲಯಕ್ಕೆ ಚೈಲ್ಡ್ ನೈಟ್ ಸಫಾರಿ 2. ಬೇಬಿ ಸೀಟ್ ಇರುವ ಪ್ರೈವೇಟ್ ಕಾರ್. ಅರೈವಲ್ ಕಾರ್ಡ್ ಫೀಸ್ ತಲೆಗೆ 750 ರೂಪಾಯಿ, ನಾಲ್ಕು ತಲೆಗೆ 3,000. ಬರೀ ಮಕ್ಕಳ ಲೆಕ್ಕವೇ 38,000 ದಾಟಿತ್ತು, ವಿಮಾನದ ಟಿಕೆಟ್, ವೀಸಾ ಬಿಟ್ಟು. ಈ ಮೆಸೇಜ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅರೈವಲ್ ಕಾರ್ಡ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸಿಂಗಾಪುರಕ್ಕೆ ಹೋಗುವವರು ಆನ್‌ಲೈನಿನಲ್ಲಿ ತುಂಬುವ ಫಾರ್ಮ್ ಅದು. ಅಲ್ಲಿನ ಇಮಿಗ್ರೇಶನ್ ಇಲಾಖೆಯ ವೆಬ್‌ಸೈಟಿನಲ್ಲೇ ಇದೆ. ಫೀಸ್ ಇಲ್ಲ. ಪೂರಾ ಫ್ರೀ. ವೀಸಾ ಬೇರೆ, ಅದಕ್ಕೆ ದುಡ್ಡು ಇದೆ, ಕೈಕೂಸಿಗೂ ಬೇಕು. ಈ ಕಾರ್ಡ್‌ಗೆ ಮಾತ್ರ ಒಂದು ಪೈಸೆ ಇಲ್ಲ. ಇದು ನಮಗೆ ಗೊತ್ತಾಗಿದ್ದು ವಿಮಾನದಲ್ಲಿ, ಪಕ್ಕದ ಸೀಟಿನ ಮಂಗಳೂರಿನ ಆಂಟಿ ಹೇಳಿದಾಗ. “ಅಯ್ಯೋ ಮಾರಾಯ್ತಿ, ಅದಕ್ಕೆ ದುಡ್ಡು ಕೊಟ್ರಾ?” ಅಂತ ಅವರು ಕೇಳಿದ ರೀತಿಗೆ ಕಿಟಕಿ ಕಡೆ ಮುಖ ತಿರುಗಿಸಿದೆ. ಆಗಲೇ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ರಾತ್ರಿ ಫ್ಲೈಟ್. ನಾಲ್ಕೂವರೆ ಗಂಟೆ ಹಾರಾಟ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಳಿದಾಗ ಅಲ್ಲಿ ಬೆಳಗ್ಗೆ, ಮಕ್ಕಳ ಪಾಲಿಗೆ ನಡುರಾತ್ರಿ. ಹೋಟೆಲ್ ಚೆಕ್‌ಇನ್ ಮಧ್ಯಾಹ್ನ 3ಕ್ಕೆ. ಆ ಮಹಾಶಯ ಅದೇ ದಿನ ಯೂನಿವರ್ಸಲ್ ಇಟ್ಟಿದ್ದಾನೆ, ಅದೇ ರಾತ್ರಿ ನೈಟ್ ಸಫಾರಿ! ಮಕ್ಕಳಿಗೆ ಅಂತಾನೇ ಪ್ಲಾನ್ ಮಾಡಿರೋದಂತೆ. ಒಂದು ದಿನದ ಹೋಟೆಲ್ ಬಾಡಿಗೆ ಉಳಿಸಿಕೊಳ್ಳೋಕೆ ಹಾಕಿದ ಪ್ಲಾನ್ ಅದು, ಬೇರೇನಲ್ಲ.

ಏರ್‌ಪೋರ್ಟ್ ಹೊರಗೆ ಕಾರ್ ಬಂತು. ಬೇಬಿ ಸೀಟ್ ಇಲ್ಲ. ಡ್ರೈವರ್ ಮಕ್ಕಳನ್ನು ನೋಡಿದ, ತಲೆ ಅಲ್ಲಾಡಿಸಿದ. ಆಗಲ್ಲ. ಅಲ್ಲಿ 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಅವರವರ ಸೀಟು ಇರಲೇಬೇಕು, ಕಾನೂನು. ಇಲ್ಲದೆ ಹೋದರೆ ಸಿಕ್ಕಿಬೀಳುವವನು ಡ್ರೈವರ್. ಪಾಪ, ಅವನದ್ದೇನೂ ತಪ್ಪಿಲ್ಲ, ಕೈ ಮುಗಿದು ಹೊರಟುಹೋದ. ಏಜೆಂಟ್‌ಗೆ ಫೋನ್ ಹಚ್ಚಿದೆ.

“ಮೇಡಂ, ಇಪ್ಪತ್ತು ಡಾಲರ್ ಕೈಗೆ ಇಟ್ಟಿದ್ರೆ ಕರ್ಕೊಂಡು ಹೋಗ್ತಿದ್ದ. ಸ್ವಲ್ಪ ಅಡ್ಜಸ್ಟ್ ಮಾಡ್ಬೇಕಲ್ವಾ?”

ಬೇಬಿ ಸೀಟ್‌ಗೆ ಅಂತ ದುಡ್ಡು ತಗೊಂಡಿದ್ದೀರಲ್ಲ ಅಂದೆ. “ಸೀಟ್ ಇದೆ ಮೇಡಂ, ಬೇರೆ ಗಾಡೀಲಿ ಇದೆ.” ಬೇರೆ ಗಾಡಿಯಲ್ಲಿ! ಕೊನೆಗೆ ಸಾಲಿನಲ್ಲಿ ನಿಂತು ಮಾಮೂಲಿ ಟ್ಯಾಕ್ಸಿ ಹಿಡಿದೆವು. ಟ್ಯಾಕ್ಸಿಗಳಿಗೆ ಈ ಬೇಬಿ ಸೀಟ್ ನಿಯಮದಿಂದ ವಿನಾಯಿತಿ ಇದೆ. ಅದನ್ನೂ ಅಲ್ಲಿನವರು ಹೇಳಬೇಕಾಯಿತು, ನಮ್ಮ ‘ಉಳಿದಿದ್ದು ನಂದು’ ಮನುಷ್ಯ ಹೇಳಲಿಲ್ಲ.

ಈಗ ಗೇಟ್ ವಿಷಯ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸೆಂಟೋಸಾ ದ್ವೀಪದಲ್ಲಿದೆ ಪಾರ್ಕ್. ಆ ದೊಡ್ಡ ತಿರುಗುವ ಗ್ಲೋಬ್ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಸೆಖೆ ಅಂದರೆ ಸೆಖೆ. ಮಗ ನಿದ್ದೆಗೆಟ್ಟು ರಚ್ಚೆ ಹಿಡಿದಿದ್ದಾನೆ. ಫೋನಿನಲ್ಲಿ ಪಿಡಿಎಫ್ ತೆಗೆದು ನೋಡುತ್ತೇನೆ, ಎರಡೇ ಟಿಕೆಟ್. ದೊಡ್ಡವರಿಬ್ಬರದ್ದು. ಎಕ್ಸ್‌ಪ್ರೆಸ್ ಪಾಸೂ ಎರಡೇ. ಮಕ್ಕಳದ್ದು ಏನೂ ಇಲ್ಲ. ಎದೆ ಧಸಕ್ಕೆಂದಿತು. ಹುಡುಕಿದೆ, ಮೇಲ್ ನೋಡಿದೆ, ಯಜಮಾನರ ಫೋನ್ ನೋಡಿದೆ. ಇಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಹಿಂದೆ ಸಾಲು ಬೆಳೆಯುತ್ತಿದೆ. ಗೇಟಿನ ಹುಡುಗಿಗೆ ಬೇಡಿಕೊಳ್ಳುವ ಹಾಗೆ ಹೇಳಿದೆ, ದುಡ್ಡು ಕಟ್ಟಿದ್ದೀವಿ, ಮಕ್ಕಳ ಟಿಕೆಟ್ ಬಂದಿಲ್ಲ, ನಮ್ಮ ಏಜೆಂಟ್ ಕಳಿಸ್ತಾನೆ, ಸ್ವಲ್ಪ ಟೈಮ್ ಕೊಡಿ ಅಂತ. ಆಕೆ ಮಕ್ಕಳ ವಯಸ್ಸು ಕೇಳಿದಳು. ಹೇಳಿದೆ. ನಕ್ಕಳು. ಇವರಿಗೆ ಟಿಕೆಟ್ ಬೇಡ, ನಾಲ್ಕರ ಒಳಗೆ ಫ್ರೀ, ಬನ್ನಿ ಬನ್ನಿ ಅಂದಳು.

ಆಕೆ ಖುಷಿಯ ಸುದ್ದಿ ಅಂತ ಹೇಳಿದ್ದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದೆ ನಿಂತಿದ್ದ ಇನ್ನೊಂದು ಇಂಡಿಯನ್ ಫ್ಯಾಮಿಲಿಯ ಗಂಡಸು ಮೆಲ್ಲಗೆ ಕೇಳಿದರು, “ಮಕ್ಕಳಿಗೂ ತಗೊಂಡಿದ್ರಾ?” ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಇಲ್ಲ ಇಲ್ಲ ಅಂದು ಒಳಗೆ ನಡೆದೆ.

ಅವನು ಮಕ್ಕಳ ಟಿಕೆಟ್ ಕೊಂಡೇ ಇರಲಿಲ್ಲ, ಅರ್ಥವಾಯಿತಾ? ನಮ್ಮ ಹತ್ತಿರ ದುಡ್ಡು ತಗೊಂಡು ಸೀದಾ ಜೇಬಿಗೆ. ಕೊಂಡು ವೇಸ್ಟ್ ಆಗಿದ್ದರೆ ಗೊತ್ತಿರಲಿಲ್ಲ ಪಾಪ ಅನ್ನಬಹುದಿತ್ತು.

ಒಳಗೆ ಹೋದ ಮೇಲೆ ‘ಎಲ್ಲಾ ರೈಡ್ಸ್ ಇನ್‌ಕ್ಲೂಡೆಡ್’ ಕಥೆ. ಪಾರ್ಕ್ ಚೆನ್ನಾಗಿದೆ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಅಲ್ಲಿ ಪ್ರತಿ ದೊಡ್ಡ ರೈಡ್ ಮುಂದೆ ಎತ್ತರ ಅಳೆಯುವ ಕೋಲು ಇದೆ. ಟ್ರಾನ್ಸ್‌ಫಾರ್ಮರ್ಸ್‌ಗೆ 102 ಸೆಂ.ಮೀ. ಮಮ್ಮಿ ರೈಡ್‌ಗೆ 122. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಕ್ಕೆ 125. ಡೈನೋಸಾರ್ ಇರುವ ನೀರಿನ ರೈಡ್‌ಗೆ 107. ಪುಸ್ ಇನ್ ಬೂಟ್ಸ್ ನೋಡಿದರೆ ಚಿಕ್ಕ ಮಕ್ಕಳದ್ದು ಅನ್ನಿಸುತ್ತದೆ, ಅದಕ್ಕೂ 100 ಬೇಕು. ನನ್ನ ಮಗಳು 97. ಕೋಲಿನ ಪಕ್ಕ ತುದಿಗಾಲಲ್ಲಿ ನಿಂತಳು, ಕತ್ತು ಉದ್ದ ಮಾಡಿದಳು, ಜುಟ್ಟು ಲೆಕ್ಕಕ್ಕಿಲ್ವಾ ಅಂತ ಕೇಳಿದಳು. ಆಮೇಲೆ ಅಳು. ಮಗನಂತೂ ಯಾವ ಕೋಲಿನ ಹತ್ತಿರವೂ ಹೋಗುವ ಹಾಗಿಲ್ಲ. ಸುರಕ್ಷತೆಗೆ ಇರುವ ನಿಯಮ, ಸರಿಯಾಗೇ ಇದೆ. ಆದರೆ ಮೂರೂವರೆ ಮತ್ತು ಎರಡು ವರ್ಷದ ಮಕ್ಕಳಿಗೆ ಎಕ್ಸ್‌ಪ್ರೆಸ್ ಪಾಸ್ ಅಂತ ದುಡ್ಡು ತಗೊಂಡವನಿಗೆ ಏನನ್ನಬೇಕು? ಹತ್ತಲು ಬಿಡದ ರೈಡ್‌ಗೆ ಬೇಗ ಹೋಗಿ ಏನು ಮಾಡುವುದು?

ಸೆಸಮಿ ಸ್ಟ್ರೀಟ್ ರೈಡ್‌ನಲ್ಲಿ ತೊಡೆಗೆ ಒರಗಿಸಿಕೊಂಡು ಕೂತೆವು, ಅದು ಒಳಾಂಗಣ, ತಂಪಾಗಿತ್ತು, ಮಕ್ಕಳಿಗೂ ಇಷ್ಟವಾಯಿತು. 2025ರಲ್ಲಿ ತೆರೆದ ಮಿನಿಯನ್ ಲ್ಯಾಂಡ್‌ನ ತಿರುಗಣೆಯಲ್ಲಿ ಸುತ್ತಿದೆವು. ಪಾರ್ಕ್‌ನ ‘ಫಾರ್ ಫಾರ್ ಅವೇ’ ಭಾಗದಲ್ಲಿ ಪುಟ್ಟ ಜಯಂಟ್ ವೀಲ್ ಇದೆ, ಅದೂ ಆಯಿತು. ಮಧ್ಯಾಹ್ನ ಮಳೆ. ಇಬ್ಬರೂ ಅಲ್ಲೇ ನಿದ್ದೆ, ಒಂದು ಸ್ಟ್ರಾಲರ್‌ನಲ್ಲಿ, ಇನ್ನೊಂದು ಹೆಗಲ ಮೇಲೆ. ನೈಟ್ ಸಫಾರಿಗೆ ಹೋಗಲೇ ಇಲ್ಲ, ರಾತ್ರಿ 7:15ಕ್ಕೆ ಶುರುವಾಗುವ ಜಾಗಕ್ಕೆ ಬೆಳಗಿನಿಂದ ನಿದ್ದೆ ಇಲ್ಲದ ಮಕ್ಕಳನ್ನು ಎತ್ತಿಕೊಂಡು ಹೋಗುವುದುಂಟಾ? ಅಲ್ಲಿಯೂ ಅದೇ ಆಟ. 3 ವರ್ಷದ ಒಳಗೆ ಫ್ರೀ. ಮಗಳಿಗೆ ಬೇಕು, ಮಗನಿಗೆ ಬೇಡ. ಅವನು ಕೊಂಡಿದ್ದು ಮೂರು, ನಮ್ಮಿಂದ ತಗೊಂಡಿದ್ದು ನಾಲ್ಕರ ದುಡ್ಡು.

ರಾತ್ರಿ ಹೋಟೆಲಿನಿಂದ ಫೋನ್ ಮಾಡಿದಾಗ ಎತ್ತಿದ. ಹೇಗಿತ್ತು ಮೇಡಂ ಯೂನಿವರ್ಸಲ್, ಮಕ್ಕಳು ಎಂಜಾಯ್ ಮಾಡಿದ್ರಾ ಅಂತ ಶುರು ಮಾಡಿದ. ಮಕ್ಕಳಿಗೆ ಅಲ್ಲಿ ಫ್ರೀ ಅಂತೆ ಅಂದೆ.

“ನೋಡಿ, ಫ್ರೀ ಆಯ್ತಲ್ಲ, ಖುಷಿ ಪಡಿ ಮೇಡಂ!”

ನಿಜವಾಗಿ ಹೀಗೇ ಅಂದ. ನನಗೆ ಎರಡು ಕ್ಷಣ ಮಾತೇ ಹೊರಡಲಿಲ್ಲ. ಹಾಗಾದರೆ ನಮ್ಮ ದುಡ್ಡು ವಾಪಸ್ ಕೊಡಿ ಅಂದೆ. “ಅದು ಪ್ಯಾಕೇಜ್ ರೇಟ್ ಮೇಡಂ. ಪ್ಯಾಕೇಜ್‌ನಲ್ಲಿ ಐಟಂ ಐಟಂ ಲೆಕ್ಕ ಇರಲ್ಲ.” ಆಗ ಅವನದ್ದೇ ಕೊಟೇಶನ್ ಅವನಿಗೇ ಫಾರ್ವರ್ಡ್ ಮಾಡಿದೆ. ಚೈಲ್ಡ್ ಟಿಕೆಟ್ 2, ಮುಂದೆ ರೇಟ್. ನೀಲಿ ಟಿಕ್ ಬಂತು. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ವಾಯ್ಸ್ ಮೆಸೇಜ್: “ಅದು ಹ್ಯಾಂಡ್ಲಿಂಗ್ ಚಾರ್ಜ್ ಮೇಡಂ. ಚಿಕ್ಕ ಮಕ್ಕಳಿದ್ರೆ ನಮಗೆ ಕೆಲಸ ಜಾಸ್ತಿ.” ಯಾವ ಕೆಲಸ? ಡೈಪರ್ ಬದಲಾಯಿಸಿದ್ದು ನಾನು. ಯಜಮಾನರು ಮಾತಾಡಿದರೆ ಇನ್ನೊಂದು ರಾಗ: “ಸರ್, ಮೇಡಂ ಸುಮ್ನೆ ಟೆನ್ಶನ್ ಮಾಡ್ಕೊಂಡಿದ್ದಾರೆ. ಇಷ್ಟು ದೊಡ್ಡ ಟ್ರಿಪ್ ಮಾಡೋರಿಗೆ ಈ ಚಿಲ್ಲರೆ ದುಡ್ಡು ಯಾವ ಲೆಕ್ಕ ಬಿಡಿ ಸರ್.” ನಮ್ಮ ಜೇಬಿಂದ ಹೋದರೆ ಚಿಲ್ಲರೆ. ಅವನು ವಾಪಸ್ ಕೊಡಬೇಕಾದರೆ ಮಾತ್ರ ದೊಡ್ಡ ದುಡ್ಡು.

ಬೆಂಗಳೂರಿಗೆ ಬಂದ ಮೇಲೆ ಗ್ರೂಪಿನಲ್ಲಿ ಬರೆದೆ. ಮೊದಲು ಬಂದ ಉತ್ತರ ಏನು ಗೊತ್ತಾ? ನಮಗೂ ಅವರೇ ಮಾಡಿಕೊಟ್ಟಿದ್ದು, ತುಂಬಾ ಒಳ್ಳೆಯವರು. ಅವರ ಮಗುವಿಗೆ ಎಷ್ಟು ವಯಸ್ಸು ಅಂತ ಕೇಳಿದೆ. ಎರಡೂವರೆ. ನಿಮ್ಮ ಕೊಟೇಶನ್ ತೆಗೆದು ನೋಡಿ ಅಂದೆ. ಮಧ್ಯಾಹ್ನದ ಹೊತ್ತಿಗೆ ಅವರಿಂದಲೇ ಪ್ರೈವೇಟ್ ಮೆಸೇಜ್, “ಅಕ್ಕಾ, ನಮಗೂ ಹಾಕಿದ್ದಾನೆ. ಮನೆಯಲ್ಲಿ ಹೇಳಬೇಡಿ ಪ್ಲೀಸ್.”

ಇನ್ನೂ ಒಂದಿದೆ. ವಿದೇಶದ ಪ್ಯಾಕೇಜಿಗೆ ಟಿಸಿಎಸ್ ಅಂತ ತೆರಿಗೆ ಕತ್ತರಿಸುತ್ತಾರೆ, ನಿಮಗೆ ಗೊತ್ತೇ ಇರುತ್ತದೆ. ನಮ್ಮಿಂದ 5 ಪರ್ಸೆಂಟ್ ತಗೊಂಡ, ಪ್ಯಾನ್ ನಂಬರ್ ತಗೊಂಡ. ಅದು ನಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ, ಫಾರ್ಮ್ 26ಎಎಸ್, ತೆಗೆದು ನೋಡಿದರೆ ಸೊನ್ನೆ. ಕೇಳಿದರೆ ಕ್ವಾರ್ಟರ್ ಮುಗೀಲಿ ಮೇಡಂ ಅಂದ. ಕ್ವಾರ್ಟರ್ ಮುಗಿಯಿತು, ರಿಟರ್ನ್ ಹಾಕುವ ಗಡುವೂ ಮುಗಿಯಿತು. ಸೊನ್ನೆಯೇ. ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ “ಬಿಲ್ ಬೇಕು ಅಂದ್ರೆ ಮೊದಲೇ ಹೇಳ್ಬೇಕಿತ್ತು, ರೇಟ್ ಬೇರೆ ಆಗ್ತಿತ್ತು” ಅಂದ. ಇದರ ವಾಯ್ಸ್ ಮೆಸೇಜೂ ನನ್ನ ಹತ್ತಿರ ಇದೆ. ಅವನೇ ಕಳಿಸಿದ್ದು! ಮಾನನಷ್ಟದ ಬೆದರಿಕೆ ಬಂದಿದ್ದು ಇದಾದ ಮೇಲೆ.

ಹೊರಟಿರುವವರಿಗೆ ಇಷ್ಟು. ಮಗುವಿನ ಹೆಸರಲ್ಲಿ ಏನೇ ಚಾರ್ಜ್ ಹಾಕಿದರೂ ಆ ಜಾಗದ ವೆಬ್‌ಸೈಟ್‌ನಲ್ಲಿ ನೀವೇ ವಯಸ್ಸು, ಎತ್ತರ ಎರಡೂ ನೋಡಿ. 90 ಸೆಂ.ಮೀ.ಗಿಂತ ಕುಳ್ಳಗಿರುವ ಮಗುವಿಗೆ ದೊಡ್ಡವರ ಜೊತೆ ಅಲ್ಲಿನ ಮೆಟ್ರೋ ರೈಲೂ ಫ್ರೀ, ಅದಕ್ಕೂ ಪಾಸ್ ಮಾರುವವರು ಇದ್ದಾರೆ, ಹುಷಾರು. ಪಾರ್ಕ್ ಟಿಕೆಟ್ ನೀವೇ ಆನ್‌ಲೈನ್‌ನಲ್ಲಿ ತಗೊಳ್ಳಿ, ಐದು ನಿಮಿಷದ ಕೆಲಸ. ಇಳಿದ ದಿನ ಪಾರ್ಕ್ ಬೇಡವೇ ಬೇಡ. ನಿಮ್ಮ ಮಗುವಿಗೆ ಮೀಟರ್ ಎತ್ತರ ಆಗದಿದ್ದರೆ ಎಕ್ಸ್‌ಪ್ರೆಸ್ ಅನ್ನುವ ಮಾತು ಎತ್ತಿದ ಏಜೆಂಟ್ ಫೋನ್ ಅಲ್ಲೇ ಇಟ್ಟುಬಿಡಿ. ಬಿಲ್ ಕೊಡದವನಿಗೆ ದುಡ್ಡು ಹಾಕಬೇಡಿ, ಅಕ್ಕ ಅಂದರೂ ಸರಿ, ಅಮ್ಮ ಅಂದರೂ ಸರಿ.

ನಾನು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ನಂಬರ್ ಬಂದಿದೆ. ದೂರು ಹೋದ ಮೇಲೆ ಅವನಿಂದ ಒಂದು ಮೆಸೇಜ್: ಅರ್ಧ ಕೊಡ್ತೀನಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ. ಪೂರ್ತಿ ಕೊಡು, ಟಿಸಿಎಸ್ ಕಟ್ಟಿದ ಚಲನ್ ತೋರಿಸು ಅಂತ ಬರೆದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಮೇಲೆ ಮಿನಿಯನ್ ಇರುವ ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಚಿಕ್ಕ ಮಕ್ಕಳ ಹೆಸರಲ್ಲಿ ನೀವೂ ಕಟ್ಟಿದ್ದರೆ, ಹಳೇ ಕೊಟೇಶನ್ ಡಿಲೀಟ್ ಮಾಡಬೇಡಿ, ನನಗೆ ಕಳಿಸಿ. ದೂರಿಗೆ ಸೇರಿಸುತ್ತೇನೆ. ಮನೆಯಲ್ಲಿ ಹೇಳುವುದಿಲ್ಲ.